ಬುಟ್ಟಿಗೆ ಕಟ್ಟಿದ ಚೀಟಿ

ಮಂಗಳವಾರ, ಮಾರ್ಚ್ ೧೨

ಆ ಚೀಟಿ ಬರೆದ ನನ್ನ ಕೈಗೇ ಮೊದಲು ಬರೆ ಹಾಕಬೇಕು.

ನಮ್ಮ ಅಂಗಡಿಯ ಪ್ರತಿ ಬುಟ್ಟಿಗೂ ಅದನ್ನು ಹೆಣೆದವಳ ಫೋಟೋ ಇರುವ ಚೀಟಿ ಕಟ್ಟುತ್ತೇವೆ. ಸಮುದ್ರದಾಚೆ ತಮ್ಮ ಹಳ್ಳಿಯಲ್ಲಿ ಕೂತು ನಮಗಾಗಿ ಹೆಣೆಯುವ ಹೆಂಗಸರಲ್ಲಿ ಎಲ್ಲರಿಗಿಂತ ಚುರುಕು ನಮ್ಮ ಗುಬ್ಬಿ. ಅವಳ ಚೀಟಿಯಲ್ಲಿ ನಾನೇ ಜಂಬದಿಂದ ಬರೆದಿದ್ದೆ: ‘ಇವಳಿನ್ನು ಗಂಡನ ಮುಂದೆ ಕೈಚಾಚಬೇಕಿಲ್ಲ.’ ಗಿರಾಕಿಗಳು ಓದಿ, ಕಣ್ಣೊರೆಸಿಕೊಂಡು ಕೊಳ್ಳುತ್ತಿದ್ದರು. ಯಾರೋ ಪುಣ್ಯಾತ್ಮರು ಅದನ್ನು ಅವಳ ಗಂಡನಿಗೂ ಓದಿ ಹೇಳಿದ್ದಾರೆ.

ಮಧ್ಯಾಹ್ನ ಅಲ್ಲಿನ ಹೆಣೆಯುವವರ ಸಂಘದ ಅಕ್ಕ ಫೋನ್ ಮಾಡಿದರು. “ನಿನ್ನೆ ‘ಚಾಚೇ ಕೈನ’ ಅಂದ್ನಂತೆ. ಇವಳು ಹೆದರ್ಕೊಂಡು ಚಾಚಿದ್ಲು. ಬೆತ್ತ ಜಜ್ಜೋ ಸುತ್ತಿಗೇಲೇ ಬಲಗೈ ಬೆರಳೆಲ್ಲ ಜಜ್ಜಿಬಿಟ್ಟ.”

ಫೋನಿಟ್ಟವಳೇ ಕತ್ತರಿ ಹಿಡಿದು ಅಂಗಡಿಯಲ್ಲಿದ್ದ ಅಷ್ಟೂ ಚೀಟಿಗಳನ್ನು ಚಿಂದಿ ಮಾಡಿದೆ. ಅವನು ಎದುರಿಗಿದ್ದಿದ್ದರೆ ಕತ್ತರಿ ಕಾಗದಕ್ಕೆ ನಿಲ್ಲುತ್ತಿರಲಿಲ್ಲ. ಈಗಲೂ ಹಲ್ಲು ಕಡಿದುಕೊಂಡೇ ಬರೆಯುತ್ತಿದ್ದೇನೆ, ಪೆನ್ನು ಹಾಳೆಯನ್ನು ಹರಿಯುತ್ತಿದೆ.

ಸಂಜೆ ಮೊಬೈಲಿಗೆ ಗುಬ್ಬಿಯದೇ ದನಿ ಬಂತು. “ಅಕ್ಕಾ, ಎಡಗೈಲಿ ಹೆಣೆಯೋದು ಕಲೀತೀನಿ. ನನ್ನ ಬುಟ್ಟಿ ಕೆಲಸ ಬೇರೆಯೋರಿಗೆ ಕೊಡ್ಬೇಡಿ. ಕೈ ಮುಗೀತೀನಿ.”

ಯಾವ ಕೈ ಮುಗೀತೀಯೇ ತಾಯಿ, ಯಾವ…