ಹುಣ್ಣಷ್ಟೇ ತೆಗೀತಾರ

ಆಗಸ್ಟ್ 6, ರಾಯಚೂರು, ಬೆಳಿಗ್ಗೆ 9
ವಾರ್ಡಿಗೆ ಚಹಾ ಒಯ್ದೆ. ಅಪ್ಪ ಅರ್ಧ ಕುಡಿದು ಉಳಿದದ್ದು ನನಗೆ ಕೊಟ್ಟ. ದಿನಾ ಇದೇ. ಆಮೇಲೆ ಅವನ ಹುಣ್ಣಿನ ರಿಪೋರ್ಟ್ ಬಂತು. ಕ್ಯಾನ್ಸರ್. ಡಾಕ್ಟರು ನನ್ನೊಬ್ಬನನ್ನೇ ಕರೆದರು. ಅವರದು ತೆಲುಗು, ಇಂಗ್ಲಿಷ್ — ನನಗೆ ತಿಳಿಯುತ್ತವೆ, ಅಪ್ಪನಿಗೆ ಎರಡೂ ಬಾರವು. ಶಿಶ್ನ ಪೂರ್ತಿ ತೆಗೆಯಬೇಕಂತೆ. ಉಚ್ಚೆಗೆ ಕೆಳಗೆ ಬೇರೆ ದಾರಿ. ತೊಡೆಸಂದಿಯ ಗಂಟುಗಳೂ ಹೋಗಬೇಕು. ತಂದೆಗೆ ಕನ್ನಡದಲ್ಲಿ ತಿಳಿಸಿ ಫಾರ್ಮ್ ತನ್ನಿ ಅಂದರು.
ನಾನು ಓದಿದ್ದು ಎಂ.ಎ. ಕನ್ನಡ. ಬಾಯಿಗೆ ಒಂದು ಪದ ಬರಲಿಲ್ಲ. ಅಪ್ಪನ ಎದುರು... ಹೇಗೆ?
"ಹುಣ್ಣು ತೆಗೀತಾರಪ್ಪಾ."
"ಅಷ್ಟೇ ಏನು?"
ತಲೆಯಾಡಿಸಿದೆ. ಹೆಬ್ಬೆಟ್ಟು ಒತ್ತಿದ. ಸಾಕ್ಷಿ — ನನ್ನ ಸಹಿ.

ಆಗಸ್ಟ್ 9
ಆಪರೇಷನ್ ಮೂರೂವರೆ ತಾಸು. ಏನು ತೆಗೆದರು ಅಂತ ಅವ್ವ ಕೇಳಿದಳು. ಅವಳಿಗೂ ಹುಣ್ಣಷ್ಟೇ ಅಂದೆ.

ಆಗಸ್ಟ್ 13
ಡ್ರೆಸಿಂಗ್ ಬಿಚ್ಚಿದರು. ನರ್ಸ್ ಮುಸರ್ರತ್ ಪರದೆ ಎಳೆದರು. ಅಪ್ಪ ತಲೆ ಎತ್ತಿ ನೋಡಿಕೊಂಡ. ಹಾಸಿಗೆಯ ಮೇಲೆ ಕೈಯಾಡಿಸಿದ, ಎಲ್ಲೋ ಬಿದ್ದಿರಬೇಕು ಎಂಬಂತೆ.
"ನಿನಗ ಗೊತ್ತಿತ್ತೇನಲೇ?"
"ಇಲ್ಲಪ್ಪಾ."
ಇಲ್ಲ ಅಂದೆ. ನಾನೇ ಅಂದೆ.

ಆಗಸ್ಟ್ 22
ಡಿಸ್ಚಾರ್ಜ್. ಹೇಳದೆ ಕೊಯ್ದ ಆ ಡಾಕ್ಟರ ಮುಖ ಅಪ್ಪ ಇನ್ನು ನೋಡುವುದಿಲ್ಲವಂತೆ. ನಮ್ಮೂರು ಮಾನ್ವಿಗೂ ಹೋಗಲೊಲ್ಲ, ಜನ ಕೇಳುತ್ತಾರೆ. ಅವ್ವ ದೇವದುರ್ಗಕ್ಕೆ, ಸೋದರಮಾವನ ಮನೆಗೆ ಕರೆದೊಯ್ದಳು. ನಾನು ರಾಯಚೂರಲ್ಲೇ ಉಳಿದೆ.

ಸೆಪ್ಟೆಂಬರ್ 11, ದೇವದುರ್ಗ
ಅವ್ವ ಫೋನ್ ಮಾಡಿದ್ದಳು. ಬಂದು ನೋಡಿದೆ... ತೊಡೆಸಂದಿಯ ಹೊಲಿಗೆ ಬಾಯಿ ಬಿಟ್ಟಿದೆ. ಕೀವು. ಜ್ವರ. ಕಾಲು ಬಾತಿದೆ. ಹೊಸ ದಾರಿ ಬಿಗಿದು ಉಚ್ಚೆ ಹನಿಹನಿ. ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಿದ್ದಾನೆ. ಡಾಕ್ಟರಿಗೆ ಫೋನ್ ಹಚ್ಚಿದೆ. ಇವತ್ತೇ ಕರೆತನ್ನಿ, ಇಲ್ಲದಿದ್ದರೆ ಉಳಿಯುವುದು ಕಷ್ಟ ಅಂದರು.
ಅಪ್ಪ ಗೋಡೆ ಕಡೆ ತಿರುಗಿದ. "ಆ ಮೋಸಗಾರನ ಕೈಗೆ ಬ್ಯಾಡ. ಇಲ್ಲೇ ಸಾಯ್ತೀನಿ."
"ಡಾಕ್ಟರು ಎಲ್ಲಾ ಹೇಳಿದ್ರಪ್ಪಾ. ನಾನೇ ನಿನಗ ಹೇಳಲಿಲ್ಲ."
ಬೈಯಲಿಲ್ಲ. ಅವ್ವನಿಗೆ, ಗಾಡಿ ತರಿಸು ಅಂದ. ಏಳುವಾಗ ನನ್ನ ಹೆಗಲು ಹಿಡಿಯಲಿಲ್ಲ.

ಸೆಪ್ಟೆಂಬರ್ 12, ರಾಯಚೂರು, 11 ಗಂಟೆ
ಮತ್ತೊಂದು ಆಪರೇಷನ್. ಕೊಳೆತದ್ದು ತೆಗೆದು ಚರ್ಮ ಹಚ್ಚಬೇಕು, ದಾರಿ ಅಗಲ ಮಾಡಬೇಕು. ಡಾಕ್ಟರು ನನ್ನತ್ತ ತಿರುಗಿದರು. ಮಗ ಬ್ಯಾಡ, ಅಂದ ಅಪ್ಪ. ಗುಡುಸಾಬ ಕಾಕಾನನ್ನು ಕರೆಸಿದ. ಮಾನ್ವಿಯ ಗಂಜಿನಲ್ಲಿ, ಕಾಳಿನ ಪೇಟೆಯಲ್ಲಿ, ಅಪ್ಪನ ಜೊತೆ ಇಪ್ಪತ್ತು ವರ್ಷ ಚೀಲ ಹೊತ್ತವರು. ಹುಟ್ಟಿದ್ದು ಗಡಿಯ ಕಡೆ ಮಟಮಾರಿಯಲ್ಲಿ, ತೆಲುಗು ಬರುತ್ತದೆ.
ನಾನು ಹೊರಗೆ, ಬೆಂಚಿನ ಮೇಲೆ. ಕಾಕಾ ಒಂದನ್ನೂ ಬಿಡದೆ ಹೇಳುತ್ತಿದ್ದಾರೆ. ವಾರ್ಡಿಗೆಲ್ಲ ಕೇಳುವಂತೆ.
"ಹೋದದ್ದು ಹೋತು ಸುಂಕ್ಯಾ. ಇನ್ನ ಕುಂತೇ ಹೊಯ್ಯಬೇಕು. ನಾವು ಸಾಬರೇನು ನಿಂತು ಹೊಯ್ತೀವೇನಲೇ?"
ಅಪ್ಪ ನಕ್ಕ. ಒಂದು ತಿಂಗಳ ಮೇಲೆ. ನಕ್ಕು, ಮೆಲ್ಲಗೆ ಕೇಳಿದ — ಎಷ್ಟು ದಿನ ಬದುಕ್ತೀನಿ, ಕೇಳು.
ಕಾಕಾ ಕೇಳಿದರು. ಡಾಕ್ಟರು ಹೇಳಿದ್ದು ನನಗೂ ಕೇಳಿಸಿತು. ಗಂಟುಗಳಾಚೆಗೂ ಹಬ್ಬಿದೆ. ಒಂದು ವರ್ಷ, ಹೆಚ್ಚೆಂದರೆ.
ಕಾಕಾ ಸುಮ್ಮನಾಗಿದ್ದಾರೆ. ಅಪ್ಪ ಮತ್ತೆ ಕೇಳುತ್ತಿದ್ದಾನೆ. ಏನಂದ್ರು? ಏನಂದ್ರಲೇ?
ಹೇಳಿಬಿಡಿ ಕಾಕಾ, ನೀವಾದರೂ —