ಒಲ್ಲೆ ಅಂದವಳು ನಾನಲ್ಲ, ಅಪ್ಪ

ಅಪ್ಪಾ,

ನೀನು ಹೋಗಿ ಒಂದೂವರೆ ವರ್ಷವಾಯಿತು. ಇಷ್ಟು ದಿನ ಬರೆಯದೆ ಇದ್ದದ್ದು ಮರೆತು ಅಲ್ಲ, ಸಿಟ್ಟಿನಿಂದ. ಇವತ್ತು ಬರೆಯುತ್ತಿರುವುದೂ ಸಿಟ್ಟು ಇಳಿದಿದೆ ಅಂತಲ್ಲ. ನಿನಗೊಂದು ಸುದ್ದಿ ಹೇಳಬೇಕು. ಅದಕ್ಕೆ ಮೊದಲು ಜಗಳ ಮುಗಿಯಬೇಕು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮನೆ ಜಗುಲಿಯೇ ಅಂಚೆ ಕಚೇರಿ. ಸಾದಲಿ ಕಡೆಯ ಏಳು ಹಳ್ಳಿಗಳ ಕಾಗದವೆಲ್ಲ ನಿನ್ನ ಸೈಕಲ್ಲಿನ ಮೇಲೆ ಹೋಗುತ್ತಿತ್ತು. ಕೊಡಲಾಗದೆ ವಾಪಸ್ಸು ತಂದ ಲಕೋಟೆಗಳ ಮೇಲೆ ನೀನು ಕೆಂಪು ಇಂಕಿನಲ್ಲಿ ಇಂಗ್ಲಿಷ್ ಬರೆಯುತ್ತಿದ್ದೆ, ನಾನು ಪಕ್ಕದಲ್ಲಿ ಕೂತು ಕೂಡಿಸಿ ಓದುತ್ತಿದ್ದೆ. ‘ಲೆಫ್ಟ್’ ಅಂದರೆ ಊರು ಬಿಟ್ಟಿದ್ದಾರೆ. ‘ಡೋರ್ ಲಾಕ್ಡ್’ ಅಂದರೆ ಮನೆಗೆ ಬೀಗ. ‘ರೆಫ್ಯೂಸ್ಡ್’ ಬಂದಾಗ ಮಾತ್ರ ನಿನ್ನ ದನಿ ಬದಲಾಗುತ್ತಿತ್ತು. “ಇದನ್ನ ಸುಮ್‌ಸುಮ್ನೆ ಬರೀಬಾರ್ದು ಕಣಮ್ಮ. ಯಾರ ಹೆಸರಿಗೆ ಬಂದೈತೋ ಅವರೇ ಬಾಯಿಬಿಟ್ಟು ಬೇಡ ಅನ್ಬೇಕು.” ಆ ಪದವನ್ನು ನನಗೆ ಕಲಿಸಿದವನು ನೀನೇ ಅಲ್ಲವೇ?

ಟಿಸಿಎಚ್ ಮುಗಿಸಿದ ಮೇಲೆ ಅದೇ ಏಳು ಹಳ್ಳಿಗಳಲ್ಲಿ ಒಂದಕ್ಕೆ ನನ್ನನ್ನು ಕೊಟ್ಟೆ. ಕಾಗದ ಹಂಚುವ ನೆಪದಲ್ಲಿ ಮಗಳನ್ನು ನೋಡಬಹುದು ಅಂತ ನಿನಗೆ ಹಿಗ್ಗು. ಶಾಲೆಯ ಮೇಡಂ ಕೆಲಸಕ್ಕೆ ನಾನು ಪರೀಕ್ಷೆ ಬರೆದದ್ದು ನಿನಗೆ ಗೊತ್ತಿತ್ತು. ಅರ್ಜಿ ರಿಜಿಸ್ಟರ್ ಮಾಡಿ ಕಳಿಸಿದ್ದೂ ನೀನೇ. ಆಮೇಲೆ ಸಿಕ್ಕಾಗಲೆಲ್ಲ “ಆರ್ಡರ್ ಬಂತಾ ಅಪ್ಪಾ?” ಅಂತ ನಾನು ಕೇಳಿದೆ. “ಇಲ್ಲ ಕಣಮ್ಮ” ಅಂದೆ ನೀನು. ಹಾಗನ್ನುವಾಗ ನೀನು ನನ್ನ ಮುಖ ನೋಡುತ್ತಿರಲಿಲ್ಲ. ಅದನ್ನು ನಾನು ಗಮನಿಸಿದ್ದರೆ…

ನಿನ್ನ ಅಳಿಯ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿಕೊಂಡು ಹೋದ ದಿನ, ನಾನು ಯಾರಿಗೂ ಹೇಳದೆ ಕೋಲಾರದ ಬಸ್ಸು ಹತ್ತಿದೆ. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಕನ್ನಡಕದ ಹೆಂಗಸೊಬ್ಬರು ಫೈಲು ಹುಡುಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಏನಮ್ಮ, ನೀವೇ ರೆಫ್ಯೂಸ್ ಮಾಡ್ಬಿಟ್ಟು ಈಗ ಕೇಳೋಕ್ ಬಂದಿದೀರಾ? ನಿಮ್ ಜಾಗ ಮುಂದಿನೋರಿಗೆ ಹೋಗಿ ಎಷ್ಟೋ ದಿನ ಆಯ್ತು.” ಮೇಜಿನ ಮೇಲೆ ಲಕೋಟೆ ಇಟ್ಟರು. ಅದರ ಮೇಲೆ ನಿನ್ನ ಕೆಂಪು ಇಂಕಿನಲ್ಲಿ ‘ರೆಫ್ಯೂಸ್ಡ್’. ನಿನ್ನ ಅಕ್ಷರ ನನಗೆ ಗೊತ್ತಾಗುವುದಿಲ್ಲವೇ ಅಪ್ಪ?

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಒಂದೇ ಪದ ತಲೆಯಲ್ಲಿ ಕೊರೆಯಿತು. ಕನ್ನಡದಲ್ಲಿ ಬರೆದಿದ್ದರೆ ‘ಒಲ್ಲೆ ಅಂದಳು’ ಅಂತಲೋ ‘ಒಲ್ಲೆ ಅಂದ’ ಅಂತಲೋ ಬರೆಯಲೇಬೇಕಿತ್ತು. ಕ್ರಿಯಾಪದದ ಬಾಲದಲ್ಲೇ ಆಳು ಸಿಕ್ಕಿಬೀಳುತ್ತಿದ್ದ. ಆ ಇಂಗ್ಲಿಷ್ ಪದದಲ್ಲಿ ಯಾರೂ ಇಲ್ಲ. ಖಾಲಿ ಇದ್ದ ಜಾಗಕ್ಕೆ ಕಚೇರಿಯವರು ನನ್ನ ಹೆಸರು ತುಂಬಿಕೊಂಡರು. ಮನೆಗೆ ಬಂದು ನಿಘಂಟು ತೆಗೆದೆ. ನಿರಾಕರಿಸು, ಒಲ್ಲೆನೆನ್ನು, ಒಪ್ಪದಿರು. ಅದೇ ಕಾಗುಣಿತ ನಾಮಪದವಾದರೆ, ಕಸ. ಒಲ್ಲೆ ಅನ್ನಬೇಕಾದರೆ ಕೊಡಲು ತಂದದ್ದು ಕಣ್ಣಿಗಾದರೂ ಬೀಳಬೇಕು. ನನಗೆ ಆ ಲಕೋಟೆಯ ಅಂಚೂ ಕಂಡಿರಲಿಲ್ಲ.

ಮಾರನೇ ದಿನ ಜಗುಲಿ ಹತ್ತಿ ನಿಂತಾಗ ನೀನು ಮುದ್ರೆ ಒತ್ತುತ್ತಿದ್ದೆ.

“ಬೇಡ ಅಂದಿದ್ದು ಯಾರಪ್ಪ?”

“ಆ ಮನೇಲಿ ನೀನು ಬಾಳ್ಬೇಕಲ್ಲಮ್ಮ…”

“ನಾನು ಕೇಳಿದ್ದು ಅದಲ್ಲ. ಯಾರು?”

“ನಾನೇ ಅಂತ ತಿಳ್ಕೋ.”

ಅಷ್ಟೇ. ನೀನು ಮತ್ತೆ ಮುದ್ರೆ ಒತ್ತತೊಡಗಿದೆ. ಅವತ್ತಿನಿಂದ ನಾನು ಆ ಜಗುಲಿ ಹತ್ತಲಿಲ್ಲ. ನೀನು ನಮ್ಮ ಬೀದಿಗೆ ಬಂದಾಗಲೂ ಒಳಗೇ ಉಳಿದೆ. ನಾಲ್ಕು ತಿಂಗಳಿಗೆ, ಒಂದು ಮಧ್ಯಾಹ್ನ ನಿನ್ನ ಎದೆಬಡಿತ ನಿಂತುಹೋಯಿತು. ನಾನು ಓಡಿ ಬರುವಷ್ಟರಲ್ಲಿ ನಿನ್ನನ್ನು ಅದೇ ಜಗುಲಿಯ ಮೇಲೆ ಮಲಗಿಸಿದ್ದರು. ಉತ್ತರ ಹೇಳದೆ ಹೋಗುವುದು ಯಾವ ನ್ಯಾಯ?

ಹನ್ನೊಂದನೇ ದಿನದ ಊಟವಾದ ಮೇಲೆ ನಿನ್ನ ಅಳಿಯ ನನ್ನನ್ನು ಹಿಪ್ಪುನೇರಳೆ ತೋಟದ ಬದುವಿಗೆ ಕರೆದ. “ಅವತ್ತು ಆ ಕಾಗದ ವದ್ದು, ಬೇಡ ಅಂದಿದ್ದು ನಾನೇ” ಅಂದ. ಆ ಮನೆಯಲ್ಲಿ ಗಟ್ಟಿ ಮಾತೆಲ್ಲ ತೆಲುಗಿನಲ್ಲೇ ಬರುವುದು ನಿನಗೂ ಗೊತ್ತು. “ನಿಮ್ಮಪ್ಪ ‘ಒಂದ್ಸಲ ಮಗಳನ್ನ ಕರೀರಪ್ಪ’ ಅಂತ ಕೈ ಮುಗಿದ್ರು. ಕರೆಯೋದಾದ್ರೆ ಅವಳನ್ನ ನಿಮ್ಮನೆಗೇ ಕರ್ಕೊಂಡು ಹೋಗ್ಬಿಡಿ ಅಂದೆ.” ಅದನ್ನು ಹೇಳಿ ಅವನು ಮಣ್ಣು ನೋಡುತ್ತ ನಿಂತ. ನಾನು ಅವನನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ನೀನು ಆ ಲಕೋಟೆ ತಂದ ದಿನ ನಾನು ರೇಷ್ಮೆಯ ಹುಳುಮನೆಯಲ್ಲಿದ್ದೆನಂತೆ, ಸೊಪ್ಪು ಹಾಕುತ್ತ. ಬಾಗಿಲಿನಿಂದ ಇಪ್ಪತ್ತು ಹೆಜ್ಜೆ, ಅಷ್ಟೇ. ಬೀದಿ ತುದಿಯಿಂದಲೇ ಏಳು ಹಳ್ಳಿಯವರ ಹೆಸರು ಕೂಗುತ್ತಿದ್ದ ಬಾಯಿ ನಿನ್ನದು. “ಭಾರತಮ್ಮಾ” ಅಂತ ಒಂದು ಸಲ ಕೂಗಿದ್ದರೆ ನಾನು ಸೊಪ್ಪಿನ ಕೈಯಲ್ಲೇ ಬಂದು… ನನ್ನ ಸಂಸಾರ ಉಳಿಸಿದೆ ಅಂದುಕೊಂಡೆಯಾ? ಏನಾಗಬೇಕೋ ಅದನ್ನು ತೀರ್ಮಾನಿಸಲು ನನಗೂ ಬಾಯಿ ಇತ್ತಲ್ಲ. ನಿನ್ನ ಮೇಲೆ ಪೂರ್ತಿ ಸಿಟ್ಟು ಮಾಡೋಣ ಅಂದರೆ ಅವನೆದುರು ಕೈ ಮುಗಿದು ನಿಂತ ನೀನು ಕಣ್ಣಮುಂದೆ ಬರುತ್ತೀಯ. ನೆಟ್ಟಗೆ ಜಗಳವಾಡಲೂ ಬಿಡುವುದಿಲ್ಲ.

ಇರಲಿ, ಸುದ್ದಿ ಕೇಳು. ನೀನು ಹೋದ ಮೇಲೆ ಚಿಕ್ಕಬಳ್ಳಾಪುರವೇ ಜಿಲ್ಲೆಯಾಗಿದೆ. ಹೊಸ ಜಿಲ್ಲೆಗೆ ಮೇಡಂ ಕೆಲಸ ಕರೆದರು, ನಾನು ಮತ್ತೆ ಬರೆದೆ. ಈ ಸಲ ಪಟ್ಟಿ ಅಂಟಿಸಿದ ದಿನ ನಾನೇ ಹೋಗಿ ನೋಡಿಬಂದೆ. ಗೌರಿಬಿದನೂರು ತಾಲ್ಲೂಕಿನಲ್ಲಿ, ನಗರಗೆರೆ ಹತ್ತಿರದ ಶಾಲೆ ಸಿಕ್ಕಿದೆ. ಈಗ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಹೇಳಿಕೊಡಬೇಕಂತೆ. ದಿನಾ ಓಡಾಡುವ ದೂರವಲ್ಲ, ಅಲ್ಲೇ ಒಂದು ರೂಮು ನೋಡಿದ್ದೇನೆ. ಅತ್ತೆ ನಿನ್ನೆ ರಾಗಿ ಬೀಸಿಸಿಕೊಂಡು ಬಂದು ಹಿಟ್ಟನ್ನು ನನ್ನ ಬಟ್ಟೆಗಂಟಿನ ಪಕ್ಕ ಇಟ್ಟು ಹೋದರು.

ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ನಿನ್ನ ಅಳಿಯ ಹೋಗು ಅಂತಲೂ ಅಂದಿಲ್ಲ, ಹೋಗಬೇಡ ಅಂತಲೂ ಅಂದಿಲ್ಲ. ನಾನು ಅವನನ್ನು ಕೇಳಿಯೂ ಇಲ್ಲ.

ನಿನ್ನ ಮಗಳು,
ಭಾರತಿ