ಬಿಸಿಲಿಗಿಟ್ಟ ಕಣಕ

೧೪ ಫೆಬ್ರವರಿ ೧೯೩೧, ಶನಿವಾರ. ಕುಲಗೋಡ.

ನಮ್ಮ ಮೃದಂಗದ ಉದ್ದಪ್ಪನ ಹಲ್ಲಿಲ್ಲದ ಬಾಯಿಂದ ಒಂದು ಬೈಗುಳವಾದರೂ ಬರಬೇಕಿತ್ತು. ಬರಲಿಲ್ಲ.

ಹೋದ ವಾರ ಹುಕ್ಕೇರಿಯ ಭಜನೆಯಲ್ಲಿ ಇಂದ್ರವ್ವ ಎಂಬ ಮುದುಕಿ ಎಲ್ಲರೆದುರು ನನಗೆ ಅಂದಳು: "ನಿನ್ನ ಹಾಡ ಯಾರ ಕೇಳ್ತಾರೋ ತಮ್ಮಾ? ನಾವು ಉದ್ದಪ್ಪನ ಎಡಗೈ ಕೇಳಾಕ ಬಂದೇವಿ." ಇಪ್ಪತ್ತು ವರ್ಷ ಗಂಟಲು ಹರಿದುಕೊಂಡವನು ನಾನು!

ಇಂದು ಮಧ್ಯಾಹ್ನ, ಇಲ್ಲಿನ ಭಜನೆಗೆ ಮೊದಲು, ಉದ್ದಪ್ಪ ದನಿ ತುಂಬಿ ಬರಲೆಂದು ಮೃದಂಗದ ಎಡಬದಿಗೆ ಗೋಧಿ ಕಣಕ ಮೆತ್ತಿ, ಹಸಿ ಬಟ್ಟೆ ಹೊದಿಸಿ ಊಟಕ್ಕೆ ಹೋದ. ನಾನು ಬಟ್ಟೆ ಕಿತ್ತು ಮೃದಂಗವನ್ನು ಬಿಸಿಲಿಗಿಟ್ಟೆ. ಅವನು ಬಂದು ಕೂತು ಕಣಕ ಮುಟ್ಟಿ ನೋಡುವ ಮೊದಲೇ ಪದ ಎತ್ತಿಬಿಟ್ಟೆ. ನಾಲ್ಕು ಹೊಡೆತಕ್ಕೆ ಕಣಕ ಬಿರಿದು ಉದುರಿತು. ಎಡಗೈ ಒಡಕು ಮಡಕೆಯಂತೆ ಸದ್ದು ಮಾಡಿತು. ನನಗೆ ಒಳಗೊಳಗೇ ನಗು.

ನಗು ಎರಡು ನುಡಿಗೆ ಮುಗಿಯಿತು. ಆ ಮುದುಕ ಯಾವಾಗಲೂ ಎಡಗೈ ಹೊಡೆತವನ್ನು ಕೂದಲೆಳೆಯಷ್ಟು ತಡೆದು ಬಿಡುತ್ತಿದ್ದ. ಆ ತಡೆಯಲ್ಲೇ ನಾನು ಇಷ್ಟು ವರ್ಷ ಉಸಿರು ತೆಗೆದುಕೊಂಡಿದ್ದೆ, ನನಗೇ ಗೊತ್ತಿರಲಿಲ್ಲ. ಇಂದು ಆ ತಡೆ ಸಿಗದೆ ತಾಳದವರು ಓಡಿದರು, ನಾನು ಏದುಸಿರು ಬಿಟ್ಟೆ, ಜನ ಎದ್ದು ಹೋದರು.

ಆದರೂ ಬೈದದ್ದು ನಾನೇ. "ಮುಪ್ಪಾತು ನಿನಗ. ನಾಳಿಂದ ಬರಬ್ಯಾಡ."

"ಆತ್ರಿ," ಎಂದ. ಉಳಿದ ಕಣಕವನ್ನು ಹಸಿ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟ. "ಹೊಸಬ ಬಂದ್ರ ಕೊಡ್ರಿ. ಬಿಸಿಲಿಗಿ ಇಡಬ್ಯಾಡ ಅಂತ ಹೇಳ್ರಿ."

ಅದನ್ನು ನಾಯಿಗೆ ಎಸೆದೆ. ನಾಯಿಯೂ ಮೂಸಿ ನೋಡಿ ನಡೆಯಿತು.

ನಾಡಿದ್ದು ಯಮಕನಮರಡಿಯಲ್ಲಿ ಹಾಡಬೇಕು. ಉಸಿರು ಎಲ್ಲಿ ತೆಗೆಯಲಿ?